ನೂರಕ್ಕೆ ಆರರ ಮಾತು ಎಲ್ಲಿ ಹೋಯಿತು?

ಡಾ. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು ೧೯೬೬ರಲ್ಲಿ ತನ್ನ ವರದಿಯನ್ನು ಕೇಂದ್ರ ಸರಕಾರಕ್ಕೆ ಒಪ್ಪಿಸಿತು. ರಾಷ್ಟ್ರೀಯ ವರಮಾನದ ನೂರು ರೂಪಾಯಿಯಲ್ಲಿ ೬ ರೂಪಾಯಿ ಶಿಕ್ಷಣಕ್ಕೆ ಸಲ್ಲಬೇಕು, ೧೯೮೫-೮೬ರ ಹೊತ್ತಿಗೆ ಈ ಗುರಿ ಮುಟ್ಟಬೇಕು ಎಂಬುದು ಅದರ ಸಲಹೆ. ೧೯೬೮, ೧೯೮೬, ೨೦೨೦ರ ಮೂರು ಶಿಕ್ಷಣ ನೀತಿಗಳೂ ಅದೇ ಆರರ ಮಾತನ್ನು ಆಡಿವೆ. ಆದರೆ ಇಂದಿಗೂ ಕೇಂದ್ರ, ರಾಜ್ಯಗಳೆರಡೂ ಕೂಡಿ ಕೊಡುತ್ತಿರುವುದು, ಲೆಕ್ಕ ಹಿಡಿಯುವ ರೀತಿಗೆ ತಕ್ಕಂತೆ, ಸುಮಾರು ೩ರಿಂದ ೫ರ ಒಳಗೇ ಇದೆ.

ಸಾಹುಕಾರನ ಮನೆಯ ಖರ್ಚಿಗೂ ಬಡವನ ಮನೆಯ ಖರ್ಚಿಗೂ ಹೋಲಿಕೆ ಹೇಗೆ ಎಂದು ನಮ್ಮ ವ್ಯಾಪಾರಿ ಬಾಂಧವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆಂದೇ ಒಟ್ಟು ಮೊತ್ತವನ್ನು ಬಿಟ್ಟು ವರಮಾನದ ಪಾಲನ್ನು ಹೋಲಿಸುತ್ತೇವೆ. ಸ್ವೀಡನ್ ಸುಮಾರು ೭ ಪಾಲು ಕೊಡುತ್ತದೆ. ಅದು ಸಿರಿವಂತ ದೇಶವೆನ್ನೋಣ. ಆದರೆ ದಕ್ಷಿಣ ಆಫ್ರಿಕವೂ ನೆರೆಯ ಪುಟ್ಟ ಭೂತಾನವೂ ೬ರ ಆಸುಪಾಸಿನಲ್ಲಿವೆ. ಬಡ ಕ್ಯೂಬಾ ೨೦೧೦ರ ಸುಮಾರಿಗೆ ೧೦ನ್ನೂ ದಾಟಿತ್ತು.

ಇನ್ನು 'ಹಣವೆಲ್ಲಿ?' ಎಂಬ ಹಳೆಯ ರಾಗ. ಕೊಲ್ಹಾಪುರದ ಶಾಹೂ ಮಹಾರಾಜರು ೧೯೧೭ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ನಮ್ಮ ಬೆಳಗಾವಿ ಜಿಲ್ಲೆಯ ರಾಯಬಾಗ ಆಗ ಆ ಸಂಸ್ಥಾನಕ್ಕೇ ಸೇರಿತ್ತು. ಪುಟ್ಟ ಸಂಸ್ಥಾನ ಹೊತ್ತ ಹೊಣೆಯನ್ನು ಇಷ್ಟು ದೊಡ್ಡ ಗಣರಾಜ್ಯ ಹೊರಲಾರದೇ?

ನಮ್ಮ ರಾಜ್ಯದ ಲೆಕ್ಕವನ್ನೂ ನೋಡೋಣ. ೨೦೨೫-೨೬ರ ಆಯವ್ಯಯ ಪತ್ರದ ಮೊತ್ತ ೪ ಲಕ್ಷ ೯ ಸಾವಿರ ಕೋಟಿ ರೂಪಾಯಿ. ಶಿಕ್ಷಣಕ್ಕೆ ತೆಗೆದಿಟ್ಟದ್ದು ಸುಮಾರು ೪೫ ಸಾವಿರ ಕೋಟಿ, ಅಂದರೆ ನೂರಕ್ಕೆ ಹನ್ನೊಂದು. ಸರಕಾರಿ ವೆಚ್ಚದಲ್ಲಿ ನೂರಕ್ಕೆ ೧೫ರಿಂದ ೨೦ ಶಿಕ್ಷಣಕ್ಕೆ ಇರಬೇಕೆಂದು ೨೦೧೫ರಲ್ಲಿ ಜಗತ್ತಿನ ರಾಷ್ಟ್ರಗಳು ಒಪ್ಪಿಕೊಂಡಿವೆ. ಕೇಂದ್ರದ ತಪ್ಪೂ ಕಡಿಮೆಯಲ್ಲ. ೨೦೦೪ರಿಂದ ಅದು ಶಿಕ್ಷಣದ ಹೆಸರಿನಲ್ಲಿ ಉಪಕರ ಎತ್ತುತ್ತಿದೆ. ಆ ಉಪಕರದಲ್ಲಿ ರಾಜ್ಯಗಳಿಗೆ ಹಕ್ಕಿನ ಪಾಲಿಲ್ಲ. ಶಾಲೆಗಳ ಹೆಚ್ಚಿನ ಭಾರ ಮಾತ್ರ ರಾಜ್ಯಗಳದೇ.

ಸರಕಾರ ಉಳಿಸಿದ ಖರ್ಚು ಮಾಯವಾಗುವುದಿಲ್ಲ. ಅದು ಬೊಕ್ಕಸದಿಂದ ಇಳಿದು ದುಡಿಯುವವನ ಹೆಗಲೇರುತ್ತದೆ. ಸರಕಾರಿ ಶಾಲೆಯಲ್ಲಿ ಖಾಯಂ ಮಾಸ್ತರರ ಜಾಗೆಯಲ್ಲಿ ವರ್ಷವರ್ಷವೂ ಅತಿಥಿ ಶಿಕ್ಷಕರನ್ನು ಕೂಡಿಸಿದರೆ ತಂದೆತಾಯಿಗಳ ನಂಬಿಕೆ ಕುಸಿಯುತ್ತದೆ. ಆಗ ಜಲನಗರದ ಗಿರಣಿ ಕಾರ್ಮಿಕ, ತಿಕೋಟಾದ ದ್ರಾಕ್ಷಿ ತೋಟದ ಕೂಲಿ, ಬಬಲೇಶ್ವರದ ಕಿರಾಣಿ ಅಂಗಡಿಕಾರ ಮೂವರೂ ಸಾಲ ಮಾಡಿ ಖಾಸಗಿ ಶಾಲೆಯ ಫೀ ತುಂಬುತ್ತಾರೆ. ಸಾಲ ಹುಟ್ಟದ ಮನೆಯಲ್ಲಿ ಮೊದಲು ಶಾಲೆ ಬಿಡುವವಳು ಮಗಳು. ಇದು ಯಾವ ಆಯವ್ಯಯ ಪತ್ರದಲ್ಲೂ ಕಾಣದ ತೆರಿಗೆ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಒಂದು, ಆರರ ಗುರಿ ಮುಟ್ಟುವ ವರ್ಷವನ್ನು ಕೇಂದ್ರ ಸರಕಾರ ಶಾಸನದಲ್ಲಿ ಬರೆಯಲಿ. ಎರಡು, ರಾಜ್ಯವು ಹನ್ನೊಂದನ್ನು ಹದಿನೈದಕ್ಕೆ ಏರಿಸಲಿ. ಮೂರು, ಖಾಲಿ ಇರುವ ಮಾಸ್ತರರ ಜಾಗೆಗಳನ್ನು ಖಾಯಂ ನೇಮಕದಿಂದ ತುಂಬಲಿ. ಓಟು ಕೇಳಲು ಬರುವವರು ಯಾವ ಪಕ್ಷದವರೇ ಆಗಲಿ, ಅವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಈ ಮೂರನ್ನು ಕೇಳಿರಿ. ೧೯೬೬ರ ಮಾತು ಇನ್ನೂ ಬಾಕಿ ಇದೆ. ಬಾಕಿ ವಸೂಲಿ ಮಾಡುವುದು ನಮ್ಮ ನಿಮ್ಮೆಲ್ಲರ ಹಕ್ಕು.