ಪದವಿ ಬಂದರಾಯಿತೆ? ಕೈ ಪಳಗಬೇಡವೆ?

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಶ್ರಾವಕಧರ್ಮವು ಗೃಹಸ್ಥನಿಗೆ ವಿಧಿಸಿದೆ. ವೈದ್ಯವಿದ್ಯಾರ್ಥಿಗಳಿಗೆ ಧನಸಹಾಯ ನೀಡುವ ಬಸದಿ-ಮಂದಿರಗಳ ಟ್ರಸ್ಟುಗಳು ಅದನ್ನು ಔಷಧದಾನದ ಅಂಗವೆಂದೇ ಭಾವಿಸುತ್ತವೆ. ಎಂ.ಬಿ.ಬಿ.ಎಸ್. ಸೀಟು ದೊರೆತೊಡನೆ ಶಾಲು, ಹಾರ, ಸನ್ಮಾನ. ರ‍್ಯಾಂಕ್ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಐದೂವರೆ ವರ್ಷಗಳ ಬಳಿಕ ಆ ತರುಣನ ಕೈಗೆ ಯಾವ ವಿದ್ಯೆ ಬಂದಿದೆಯೆಂದು ಕೇಳುವವರು ವಿರಳ. ಈ ಮೌನ ಧರ್ಮಸಮ್ಮತವೆ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಸೀಮೆ ಭತ್ತದ ಕಣಜವಾಯಿತು. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಬರಿಗಾಲಿನಲ್ಲಿ ಗದ್ದೆಗಿಳಿದ ಕೂಲಿ ಹೆಣ್ಣುಮಗಳೊಬ್ಬಳನ್ನು ಕೊಳಕುಮಂಡಲ ಕಚ್ಚಿತೆನ್ನೋಣ. ಹತ್ತಿರದ ಆಸ್ಪತ್ರೆಯಲ್ಲಿರುವವನು ಹೊಸದಾಗಿ ಪದವಿ ಪಡೆದ ವೈದ್ಯ. ತಜ್ಞರಿಲ್ಲ, ದೊಡ್ಡ ಯಂತ್ರಗಳಿಲ್ಲ. ಆದರೂ ಶುಭ್ರವಾದ, ಒಣಗಿದ ಗಾಜಿನ ನಳಿಕೆಯೊಂದು ಸಾಕು. ಅದರಲ್ಲಿ ಆಗತಾನೆ ತೆಗೆದ 2 ಮಿಲಿಲೀಟರ್ ರಕ್ತವನ್ನು ಅಲುಗಿಸದೆ 20 ನಿಮಿಷ ಇಟ್ಟು, ಬಳಿಕ ಓರೆಮಾಡಿ ನೋಡಬೇಕು. ಹೆಪ್ಪುಗಟ್ಟದಿದ್ದರೆ ವಿಷವೇರಿದೆಯೆಂದರಿತು ಪ್ರತಿವಿಷ ಕೊಡಬೇಕು. ಪ್ರತಿವಿಷಕ್ಕೇ ದೇಹ ತಿರುಗಿಬಿದ್ದು ಉಸಿರು ಕಟ್ಟಬಹುದಾದ್ದರಿಂದ ಅಡ್ರಿನಾಲಿನ್ ಕೈಯಳತೆಯಲ್ಲಿರಬೇಕು. ನಾಗರಹಾವೋ ಕಟ್ಟುಹಾವೋ ಕಚ್ಚಿ ಉಸಿರಾಟ ನಿಲ್ಲುತ್ತಿದ್ದರೆ, ಚೀಲ ಒತ್ತಿ ಉಸಿರು ತುಂಬುತ್ತಲೇ ದೊಡ್ಡಾಸ್ಪತ್ರೆಗೆ ಸಾಗಿಸಬೇಕು. ಇದಾವುದನ್ನೂ ಮಾಡದೆ ‘ರಾಯಚೂರಿಗೆ ಒಯ್ಯಿರಿ’ ಎಂದು ಚೀಟಿ ಬರೆದುಕೊಟ್ಟರೆ, ಆ ಎರಡು ತಾಸಿನ ದಾರಿಯಲ್ಲಿ ಆಕೆಯನ್ನು ಕಾಯುವವರು ಯಾರು?

ನಿಯಮಗಳಿಗೆ ಕೊರತೆಯಿಲ್ಲ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು, ವಿದ್ಯಾರ್ಥಿ ‘ಬಲ್ಲ’ ಎಂಬುದರಿಂದ ‘ಮಾಡಿ ತೋರಿಸಬಲ್ಲ’ ಎಂಬವರೆಗೆ ಮೆಟ್ಟಿಲುಗಳನ್ನು ಕಟ್ಟಿದೆ. ರಕ್ತನಾಳಕ್ಕೆ ಸೂಜಿ ಏರಿಸುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಸಹಜ ಹೆರಿಗೆ ಮಾಡಿಸುವುದು, ನಿಂತ ಹೃದಯಕ್ಕೆ ಎದೆಯೊತ್ತುವುದು—ಇವೆಲ್ಲ ಅಲ್ಲಿವೆ. ಬರೆದಿಡಲು ಲಾಗ್‌ಬುಕ್ಕೂ ಇದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ಆದರೆ ಕೈ ಪಳಗಬೇಕಾದ ಇಂಟರ್ನ್‌ಷಿಪ್ ವರ್ಷವನ್ನೇ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಬಹುಆಯ್ಕೆ ಪ್ರಶ್ನೆಗಳು ನುಂಗುತ್ತಿವೆ. ರೋಗಿ ಹಾಸಿಗೆಯಲ್ಲಿ, ವಿದ್ಯಾರ್ಥಿ ಗ್ರಂಥಾಲಯದಲ್ಲಿ! ದಿನದ ರೋಕಡಿ ತಾಳೆಹಾಕಲಾರದ ವಾಣಿಜ್ಯ ಪದವೀಧರನನ್ನು ಯಾವ ಅಂಗಡಿಯವನು ಗಲ್ಲೆಯ ಮೇಲೆ ಕೂರಿಸಿಯಾನು? ಹಣದ ಪೆಟ್ಟಿಗೆಗಿರುವ ಈ ಎಚ್ಚರ ಪ್ರಾಣದ ವಿಷಯದಲ್ಲಿ ಏಕಿಲ್ಲ?

ಜೈನ ಪರಂಪರೆ ಈ ವಿಷಯದಲ್ಲಿ ಬಡವಾದುದಲ್ಲ. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ಮಾಂಸವಿಲ್ಲದ ಚಿಕಿತ್ಸಾಕ್ರಮವನ್ನು ಪ್ರತಿಪಾದಿಸಿದರು. 14ನೆಯ ಶತಮಾನದ ಜೈನಕವಿ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಅಂದಿನ ಮದ್ದು ಇಂದಿಗೆ ಸಲ್ಲದಿರಬಹುದು; ವಿಷಕ್ಕೆ ಮಂತ್ರವಲ್ಲ, ಪ್ರತಿವಿಷವೇ ಇಂದಿನ ಚಿಕಿತ್ಸೆ. ಆದರೆ ವೈದ್ಯವಿದ್ಯೆ ಜನರ ನುಡಿಯಲ್ಲಿರಬೇಕೆಂಬ ಆ ಕಾಳಜಿ ಹಳತಾಗಿಲ್ಲ. ಸಿಂಧನೂರು ಭಾಗದ ಕ್ಯಾಂಪುಗಳಲ್ಲಿ ತೆಲುಗು, ಬಂಗಾಳಿ, ತಾಂಡಾಗಳಲ್ಲಿ ಲಂಬಾಣಿ, ಹಳ್ಳಿಗಳಲ್ಲಿ ಈ ಸೀಮೆಯದೇ ಕನ್ನಡ. ‘ಎಷ್ಟೊತ್ತಿಗೆ ಕಚ್ಚಿತು, ಕಣ್ಣೆವೆ ಜೋತುಬೀಳುತ್ತಿವೆಯೆ’ ಎಂದು ರೋಗಿಗೆ ತಿಳಿಯುವಂತೆ ಕೇಳಲಾರದವನು ಪೂರ್ಣವೈದ್ಯನಲ್ಲ.

2014ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಪದವಿ ಹಂತದ ಪಾಠಗಳಿಗೆ ಸಜೀವ ಪ್ರಾಣಿಗಳ ಬದಲು ಕಂಪ್ಯೂಟರ್ ಮಾದರಿಗಳನ್ನು ಬಳಸುವಂತೆ ನಿಯಮ ತಿದ್ದಿತು. ಅಹಿಂಸಾಧರ್ಮಿಗಳಿಗೆ ಅದು ಸಂತಸದ ಸಂಗತಿ. ಕಪ್ಪೆಗೆ ಅಭಯ ದೊರೆಯಿತು, ಒಳ್ಳೆಯದೇ ಆಯಿತು. ಆದರೆ ಪಳಗದ ಕೈಗೆ ಸಿಕ್ಕ ರೋಗಿಗೆ ಅಭಯವೆಲ್ಲಿ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೂಲದಲ್ಲಿಡುತ್ತದೆ. ಯತ್ನಾಚಾರದಿಂದ ನಡೆದವನ ಕೈಯಲ್ಲಿ ರೋಗಿ ಸತ್ತರೆ ಅದು ಕರ್ಮೋದಯವೆನ್ನಬಹುದು. ಕಲಿಯಬೇಕಾದುದನ್ನು ಕಲಿಯದೆ ಕುಳಿತವನ ಕೈಯಲ್ಲಿ ಸತ್ತರೆ ಅದು ಪ್ರಮಾದವೇ ಸರಿ.

ರೋಗಿ ತೀರಿಕೊಂಡರೆ ಬಂಧುಗಳು ವೈದ್ಯನ ಮೇಲೆರಗುತ್ತಾರೆ, ಆದ್ದರಿಂದ ಸಾಗಹಾಕುವುದೇ ಕ್ಷೇಮವೆಂದು ಕೆಲವರು ವಾದಿಸುವರು. ವೈದ್ಯನ ಮೇಲೆ ಕೈಯೆತ್ತುವುದು ಪಾಪವೇ. ಆದರೆ ಆ ಭಯಕ್ಕೆ ಪರಿಹಾರ ಅಸಾಮರ್ಥ್ಯವಲ್ಲ. ಇನ್ನು ಕೆಲವರು, ಉಚಿತ ಶಿಬಿರಗಳಲ್ಲಿ ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳಲಿ ಎನ್ನುವರು. ಬಡವನ ದೇಹ ಪ್ರಯೋಗಶಾಲೆಯಲ್ಲ. ಮೊದಲು ಗೊಂಬೆಯ ಮೇಲೆ, ಬಳಿಕ ಗುರುವಿನ ಕಣ್ಣೆದುರು, ಕಡೆಗೆ ಸ್ವತಂತ್ರವಾಗಿ—ಇದೇ ನ್ಯಾಯವಾದ ಕ್ರಮ.

ಆದುದರಿಂದ ಟ್ರಸ್ಟುಗಳ ಧರ್ಮದರ್ಶಿಗಳು ಎರಡು ನಿಯಮಗಳನ್ನು ಮಾಡಲಿ. ಧನಸಹಾಯದ ಕೊನೆಯ ಕಂತನ್ನು ಅಂಕಪಟ್ಟಿ ನೋಡಿ ಕೊಡದೆ, ಗುರುಗಳು ಸಹಿ ಮಾಡಿದ ಲಾಗ್‌ಬುಕ್ ನೋಡಿ ಕೊಡಲಿ. ಸನ್ಮಾನವನ್ನು ಸೀಟು ದೊರೆತ ದಿನ ಮಾಡದೆ, ಇಂಟರ್ನ್‌ಷಿಪ್ ಮುಗಿದ ದಿನ ಮಾಡಲಿ. ಶಾಲು ಹೊದಿಸುವ ಮುನ್ನ ಸಭೆಯ ಹಿರಿಯರೊಬ್ಬರು ಕೇಳಲಿ: ‘ಮಗೂ, ಈ ರಾತ್ರಿ ಹಾವು ಕಚ್ಚಿದವರನ್ನು ಹೊತ್ತು ತಂದರೆ ನೀನೇನು ಮಾಡುವೆ?’ ಉತ್ತರ ತಡವರಿಸದೆ ಬಂದರೆ ಸಮಾಜದ ಔಷಧದಾನ ಸಾರ್ಥಕ. ಬಾರದಿದ್ದರೆ ಆ ಶಾಲು ಇನ್ನೊಂದು ವರ್ಷ ಪೆಟ್ಟಿಗೆಯಲ್ಲಿಯೇ ಇರಲಿ.