ರೀಲಿನ ಲೆಕ್ಕ

ಕಳೆದ ವಾರ ಅಟ್ಟದ ಮೇಲಿನ ಟ್ರಂಕು ಇಳಿಸಿದಾಗ ನನ್ನ ಹಳೆಯ ಆಗ್ಫಾ ಕ್ಲಿಕ್-3 ಕ್ಯಾಮೆರಾ ಸಿಕ್ಕಿತು. ಮೊಮ್ಮಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ತಾತ, ಫೋಟೊ ಎಲ್ಲಿ ಕಾಣ್ಸತ್ತೆ?" ಅಂದ.

"ಹಿಂದಿನ ಕೆಂಪು ಕಿಂಡಿಯಲ್ಲಿ ರೀಲಿನ ನಂಬರು ಮಾತ್ರ ಕಾಣೋದು ಕಣೋ!"

ಒಂದು ರೀಲಿಗೆ 12 ಫೋಟೊ. ಅಷ್ಟೂ ಮುಗಿಯುವ ತನಕ ತೊಳೆಯಲು ಕೊಡುವಂತಿರಲಿಲ್ಲ. ಯುಗಾದಿಗೆ ತೆಗೆದದ್ದನ್ನು ದೀಪಾವಳಿಗೆ ನೋಡಿದ್ದೂ ಉಂಟು. ನಾನು ಹಾಕುತ್ತಿದ್ದುದು 'ಇಂದು' ರೀಲು. ಊಟಿಯಲ್ಲಿ 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನದು. ಡಿಜಿಟಲ್ ಬಂದು ಹೊಡೆಯುವ ಮೊದಲೇ, 1990ರ ದಶಕದಲ್ಲೇ, ಅದು ನಷ್ಟಕ್ಕೆ ಬಿದ್ದಿತ್ತು. ಈಗ ಮುಚ್ಚಿದೆ.

ಮಕ್ಕಳೇ, ಆ ಕಾಲದ ದೊಡ್ಡ ಕಂಪನಿಗೆ ದುಡ್ಡು ಬರುತ್ತಿದ್ದುದು ಕ್ಯಾಮೆರಾದಿಂದಲ್ಲ, ರೀಲಿನಿಂದ. ಅಮೆರಿಕದ ಕೊಡಕ್ ಕಂಪನಿ 1900ರಲ್ಲಿ ಬ್ರೌನಿ ಎಂಬ ಪುಟ್ಟ ಡಬ್ಬಿ ಕ್ಯಾಮೆರಾ ತಂದಿತು. ಮಕ್ಕಳೂ ಕೊಳ್ಳಲಿ ಎಂದು ಬೆಲೆ ಬರೀ 1 ಡಾಲರ್, ಅಂದರೆ 100 ಸೆಂಟ್. ಆರು ಫೋಟೊ ಬರುವ ರೀಲಿಗೆ 15 ಸೆಂಟ್. ಲೆಕ್ಕ ಹಾಕಿ: ಏಳನೆಯ ರೀಲು ಕೊಳ್ಳುವಷ್ಟರಲ್ಲಿ ಕ್ಯಾಮೆರಾದ ಬೆಲೆ ದಾಟಿತು. ಕ್ಯಾಮೆರಾ ಒಮ್ಮೆ ಕೊಂಡರೆ ಮುಗಿಯಿತು, ರೀಲು ಮಾತ್ರ ಬೇಕಾಗುತ್ತಲೇ ಇರುತ್ತದೆ. ಜೊತೆಗೆ ತೊಳೆಯುವ ರಾಸಾಯನಿಕ, ಪ್ರಿಂಟಿನ ಕಾಗದ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ತಪ್ಪದೆ ಬಡ್ಡಿ ಬರುವ ಖಾತೆ!

ಇನ್ನೊಂದು ಸೋಜಿಗ ಕೇಳಿ. ರೀಲೇ ಬೇಡದ ಡಿಜಿಟಲ್ ಕ್ಯಾಮೆರಾವನ್ನು ಮೊದಲು ಮಾಡಿದ್ದೂ ಕೊಡಕ್ಕೇ. 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಮಾಡಿದ ಅದರ ತೂಕ ಸುಮಾರು 3.6 ಕಿಲೊ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್, ನೋಡಲು ಟಿ.ವಿ. ಬೇಕು. ಹಿರಿಯ ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ಅವರು ಪೆದ್ದರು ಎಂದು ಈಗ ಎಲ್ಲರೂ ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರೀಲಿನಿಂದಲೇ ಸಂಬಳ ಬರುವಾಗ ರೀಲು ಬೇಡ ಅನ್ನುವ ವಸ್ತುವನ್ನು ಅಂಗಡಿಗೆ ತರಲು ಯಾರಿಗೆ ಕೈ ಬರುತ್ತದೆ? ಕೊನೆಗೆ ತಂದರು ಕೂಡ. 2005ರಲ್ಲಿ ಅಮೆರಿಕದ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಕೊಡಕ್ಕೇ ಮೊದಲು. ಆದರೆ ಕ್ಯಾಮೆರಾ ಮಾರಿದ ಮೇಲೆ ಮತ್ತೆ ಮತ್ತೆ ಮಾರಲು ರೀಲಿಲ್ಲ. 2012ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಜಪಾನಿನ ಫ್ಯೂಜಿಯವರಿಗೂ ಅದೇ ಪೆಟ್ಟು ಬಿತ್ತು. ಅವರು ಕೇಳಿಕೊಂಡದ್ದು, ರೀಲು ಮಾಡಿ ಮಾಡಿ ನಮಗೆ ಇನ್ನೇನು ಗೊತ್ತಾಗಿದೆ ಎಂದು. ಟಿ.ವಿ., ಕಂಪ್ಯೂಟರ್ ಪರದೆಗಳೊಳಗೆ ಕೂರುವ ತೆಳು ಹಾಳೆ ಮಾಡಿದರು, ಔಷಧಕ್ಕೆ ಕೈ ಹಾಕಿದರು. ಫಿಲ್ಮಿನ ಮುಖ್ಯ ವಸ್ತು ಜೆಲಟಿನ್, ಅದು ಬರುವುದು ಕೊಲಾಜೆನ್‌ನಿಂದ. ನಮ್ಮ ಚರ್ಮದಲ್ಲಿರುವುದೂ ಕೊಲಾಜೆನ್ನೇ. ಫೋಟೊ ಬಣ್ಣಗೆಡದಂತೆ ಕಾಯುವ ವಿದ್ಯೆಯನ್ನು ಮುಖದ ಕ್ರೀಮಿಗೆ ಬಳಸಿ 2007ರಲ್ಲಿ ಮಾರಾಟಕ್ಕಿಟ್ಟರು! ನಮ್ಮ ಮನೆಯವರು ಇದನ್ನು ಇನ್ನೂ ನಂಬಿಲ್ಲ.

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಎಡವಿದ್ದೇನೆ. 2001ರ ಸುಮಾರಿಗೆ ನಮ್ಮ ಬಾಪೂಜಿ ನಗರದ ಸ್ಟುಡಿಯೊದವರೊಬ್ಬರು ಕಲರ್ ಲ್ಯಾಬ್ ಮೆಷಿನ್ನಿಗೆ ಸಾಲ ಕೇಳಿ ನಮ್ಮ ಶಾಖೆಗೆ ಬಂದರು. ಸಾಲದ ಕಾಗದ ತಯಾರಿಸಿದವನು ನಾನು. ದಿನಕ್ಕೆ ಎಷ್ಟು ರೀಲು ಬರುತ್ತದೆ, ಮದುವೆ ತಿಂಗಳಲ್ಲಿ ಎಷ್ಟು, ಆಷಾಢದಲ್ಲಿ ಎಷ್ಟು, ಎಲ್ಲ ಅಚ್ಚುಕಟ್ಟಾಗಿ ಬರೆದೆ. ರೀಲೇ ಬರದಿದ್ದರೆ ಎಂದು ನಾನೂ ಬರೆಯಲಿಲ್ಲ, ಯಾರೂ ಕೇಳಲಿಲ್ಲ. ನಾಲ್ಕೈದು ವರ್ಷಕ್ಕೆ ಮೆಷಿನ್ ಸುಮ್ಮನೆ ಕೂತಿತು. ಅವರು ಕೆಂಗೇರಿ ಕಡೆ ಮಗಳಿಗೆಂದು ಇಟ್ಟಿದ್ದ ಸೈಟು ಮಾರಿ ಸಾಲ ತೀರಿಸಿದರು. ಕೊನೆಯ ಕಂತಿನ ರಸೀದಿಗೆ ಸೀಲು ಒತ್ತಿದ್ದೂ ನಾನೇ. "ಬರ್ತೀನಿ ಸಾರ್" ಅಂದು ಹೋದರು. ಇನ್ನೆರಡು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೊನ್ನೆ ಮೊಮ್ಮಗನ ಜೊತೆ ಟ್ರಂಕಿನ ನೆಗೆಟಿವ್‌ಗಳನ್ನು ಹಿಡಿದು ಅಲ್ಲಿಗೇ ಹೋದೆ. ಈಗ ಪಾಸ್‌ಪೋರ್ಟ್ ಫೋಟೊ, ಜೆರಾಕ್ಸ್, ಲ್ಯಾಮಿನೇಶನ್. ಅವರು ನೆಗೆಟಿವ್ ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಅಮ್ಮಾವ್ರಾ ಸಾರ್? ಚೆನ್ನಾಗಿ ಉಳ್ಕೊಂಡಿದೆ" ಅಂದರು. ಸ್ಕ್ಯಾನ್ ಮಾಡಿದಾಗ ಕಂಪ್ಯೂಟರಿನಲ್ಲಿ ನಮ್ಮಮ್ಮ ಒರಳಿನ ಮುಂದೆ ಕೂತು ನಗುತ್ತಿದ್ದರು.

"ವಾಟ್ಸಾಪ್ ಮಾಡ್ಬಿಡಿ ಅಂಕಲ್" ಅಂದ ಮೊಮ್ಮಗ.

ಸ್ಟುಡಿಯೊದವರು ನನ್ನ ಮುಖ ನೋಡಿದರು.

"ಪ್ರಿಂಟೂ ಹಾಕಿ, ದೊಡ್ಡ ಸೈಜು, ಫ್ರೇಮಿನ ಸಮೇತ" ಅಂದೆ. "ಮೊದಲು ಬಿಲ್ಲು ಬರೀರಿ."