ಸ್ಪರ್ಧೆ ಅಂದರೆ ಯಾರು ಯಾರಿಗೆ ದುಡ್ಡು ಕೊಡುವುದು?

ಮೊನ್ನೆ ಹಾವೇರಿ ಬಸ್‌ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಿದ್ದಾಗ ಒಬ್ಬ ಹುಡುಗ ಬಂದು ಮಾತಾಡಿಸಿದ. ಇಪ್ಪತ್ತೆರಡು ವಯಸ್ಸಿರಬಹುದು. ಅಪ್ಪ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವರು, ಫ್ಲೆಕ್ಸ್ ಬಂದ ಮೇಲೆ ಬ್ರಷ್ ಕೆಳಗಿಟ್ಟರು. ಮಗ ಈಗ ಫ್ಲೆಕ್ಸ್ ಅಂಗಡಿಯಲ್ಲೇ ಡಿಸೈನ್ ಮಾಡುತ್ತಾನೆ. ರಾತ್ರಿ ಹೊತ್ತು ತನ್ನ ಖುಷಿಗೆ ಚಿತ್ರ ಬರೆಯುತ್ತಾನೆ. ರೆಕ್ಕೆ ಇರುವ ಎತ್ತು, ಬತ್ತಿದ ವರದಾ ನದಿಯೊಳಗೆ ಇಳಿದು ನಿಂತ ಆಕಾಶನೌಕೆ, ಗುಡಿಯ ಗೋಪುರದಷ್ಟು ಎತ್ತರದ ಯಂತ್ರ. ಎಲ್ಲವನ್ನೂ ಮೊಬೈಲಿನಲ್ಲಿ ತೋರಿಸಿದ. ಕೊನೆಗೆ ಒಂದು ಸರ್ಟಿಫಿಕೇಟ್ ತೋರಿಸಿದ.

'ಅಂತರರಾಷ್ಟ್ರೀಯ ಚಿತ್ರ ಸ್ಪರ್ಧೆ'ಯ ಸರ್ಟಿಫಿಕೇಟ್ ಅದು. ಪ್ರವೇಶ ಶುಲ್ಕ 800 ರೂಪಾಯಿ ಕಟ್ಟಿದ್ದ. ನಾಲ್ಕು ದಿನಕ್ಕೆ 'ನೀವು ಆಯ್ಕೆಯಾಗಿದ್ದೀರಿ' ಎಂದು ಮೆಸೇಜ್ ಬಂತು. ಪುಸ್ತಕದಲ್ಲಿ ಚಿತ್ರ ಅಚ್ಚಾಗಬೇಕಾದರೆ ಎರಡು ಪ್ರತಿ ಮುಂಗಡ ಕೊಳ್ಳಬೇಕು, ಅದಕ್ಕೆ 1,500. ಅದನ್ನೂ ಕಟ್ಟಿದ. ಪುಸ್ತಕ ಬರಲಿಲ್ಲ, ಸರ್ಟಿಫಿಕೇಟಿನ ಪಿಡಿಎಫ್ ಮಾತ್ರ ಬಂತು. ಬಹುಮಾನ ಯಾರಿಗೆ ಬಂತು ಎಂದು ಕೇಳಲು ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ.

"ಪೇಪರ್‌ನ್ಯಾಗ ಬಂದಿತ್ತಲ್ರೀ ಅಣ್ಣಾರ, ಅದಕ್ಕ ಖರೇ ಇರಬೇಕಂತ ರೊಕ್ಕ ಕಟ್ಟಿದೆ" ಅಂದ.

ಪೇಪರಿನಲ್ಲಿ ಬಂದದ್ದು ನಿಜ. ಕಳಿಸಿದವರು ನಾವೇ. ವಾಟ್ಸ್‌ಆ್ಯಪಿಗೆ ಬಂದ ಪ್ರಕಟಣೆ. ಸಂಜೆ ಹೊತ್ತಿಗೆ ಪುಟ ತುಂಬಬೇಕಿತ್ತು. 'ಚಿತ್ರ ಸ್ಪರ್ಧೆಗೆ ಆಹ್ವಾನ' ಎಂದು ಐದು ಸಾಲು ಮಾಡಿ ಕಳಿಸಿದೆವು. ಮೂಲದಲ್ಲಿ ಶುಲ್ಕದ ಸಾಲೂ ಇತ್ತು. ಜಾಗ ಸಾಲದು ಎಂದು ಅದನ್ನು ಕತ್ತರಿಸಿದವರೂ ನಾವೇ. ಆ ಹುಡುಗನ ಒಂದು ವಾರದ ಸಂಬಳ ಹೋದದ್ದರಲ್ಲಿ ನಮ್ಮ ಪಾಲೂ ಇದೆ. ಈ ಬರಹವನ್ನು ಆ ಐದು ಸಾಲಿಗೆ ತಡವಾಗಿ ಹಾಕಿದ ತಿದ್ದುಪಡಿ ಎಂದುಕೊಳ್ಳಿ.

ಹಾಗಾದರೆ ಖರೇ ಸ್ಪರ್ಧೆ ಹೇಗಿರುತ್ತದೆ? ಆ ಹುಡುಗ ಬರೆಯುವಂಥ ಚಿತ್ರಗಳಿಗೇ ಅಮೆರಿಕದಲ್ಲಿ ಹಳೆಯದೊಂದು ಸ್ಪರ್ಧೆ ಇದೆ. 'ರೈಟರ್ಸ್ ಆಫ್ ದಿ ಫ್ಯೂಚರ್', ಅಂದರೆ ನಾಳಿನ ಬರಹಗಾರರು. ವಿಜ್ಞಾನ ಕಥೆ ಮತ್ತು ಫ್ಯಾಂಟಸಿ ಬರೆಯುವ ಹೊಸಬರಿಗಾಗಿ 1983ರಲ್ಲಿ ಶುರುವಾಯಿತು. ಐದು ವರ್ಷದ ನಂತರ, 1988ರಲ್ಲಿ, ಚಿತ್ರಕಾರರಿಗೂ ಬಾಗಿಲು ತೆರೆದರು. ಅದರ ಹೆಸರು 'ಇಲಸ್ಟ್ರೇಟರ್ಸ್ ಆಫ್ ದಿ ಫ್ಯೂಚರ್'. ಯಾವ ದೇಶದವರೂ ಕಳಿಸಬಹುದು. ಇದರ ನಿಯಮಗಳನ್ನು ಕೂತು ಓದಿದಾಗ ನಮಗೆ ಅನಿಸಿದ್ದು, ಪ್ರಕಟಣೆ ಬಂದ ದಿನ ಇವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದ್ದರೆ ಆ ಐದು ಸಾಲು ಅಚ್ಚಾಗುತ್ತಿರಲಿಲ್ಲ.

ಮೊದಲನೆಯದು, ಪ್ರವೇಶ ಶುಲ್ಕ ಇಲ್ಲ. ವರ್ಷವನ್ನು ನಾಲ್ಕು ಭಾಗ ಮಾಡಿ, ಮೂರು ಮೂರು ತಿಂಗಳಿಗೊಮ್ಮೆ ಸ್ಪರ್ಧೆ ನಡೆಸುತ್ತಾರೆ. ಕಥೆಗೆ ಪ್ರತಿ ಸಲ ಮೂರು ಬಹುಮಾನ: 1,000, 750 ಮತ್ತು 500 ಡಾಲರ್. ಮೊದಲ ಬಹುಮಾನವೇ ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಗೂ ಹೆಚ್ಚು. ನಾಲ್ಕು ಸುತ್ತಿನ ಮೊದಲ ಬಹುಮಾನಿತರಲ್ಲಿ ಒಬ್ಬರಿಗೆ ವರ್ಷದ ಕೊನೆಗೆ ಮತ್ತೆ 5,000 ಡಾಲರ್. ಚಿತ್ರಕಾರರಿಗೆ ಪ್ರತಿ ಸುತ್ತಿನಲ್ಲಿ ಮೂವರಿಗೆ ತಲಾ 500 ಡಾಲರ್, ವರ್ಷಕ್ಕೊಬ್ಬರಿಗೆ 5,000. ದುಡ್ಡು ಹರಿಯುವ ದಿಕ್ಕು ನೋಡಿ. ಅದು ಸ್ಪರ್ಧೆಯಿಂದ ಬರಹಗಾರನ ಕಡೆಗೆ ಹೋಗುತ್ತದೆ. ನಮ್ಮ ಹುಡುಗನ ವಿಷಯದಲ್ಲಿ ಅದು ಉಲ್ಟಾ ಹರಿದಿತ್ತು.

ಎರಡನೆಯದು, ಹೆಸರು ಕಾಣಿಸುವಂತಿಲ್ಲ. ಹಸ್ತಪ್ರತಿಯ ಮೇಲೆ ಲೇಖಕರ ಹೆಸರು ಇರಬಾರದು. ತೀರ್ಪುಗಾರರ ಮುಂದೆ ಇರುವುದು ಕಥೆ ಮಾತ್ರ. ಇದು ಅಮೆರಿಕದವರೇ ಕಂಡುಹಿಡಿದದ್ದಲ್ಲ ಬಿಡಿ. ಪಕ್ಕದ ಮಹಾರಾಷ್ಟ್ರದಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ 1974ರಲ್ಲಿ 'ನಾರಾಯಣ ವಿನಾಯಕ ಜಗತಾಪ' ಎಂಬುವರ ಕಥೆ ಬಂತು, ಮೊದಲ ಬಹುಮಾನವನ್ನೂ ಪಡೆಯಿತು. ಆ ಹೆಸರಿನ ಹಿಂದೆ ಇದ್ದವರು ಖಗೋಳ ವಿಜ್ಞಾನಿ ಜಯಂತ್ ವಿಷ್ಣು ನಾರ್ಳೀಕರ್. ತಮ್ಮ ಹೆಸರಿನ ಮೊದಲಕ್ಷರಗಳನ್ನೇ ಹಿಂದುಮುಂದು ಮಾಡಿ ಇನ್ನೊಂದು ಹೆಸರು ಕಟ್ಟಿಕೊಂಡಿದ್ದರು. ಆಗಲೇ ದೇಶಕ್ಕೆಲ್ಲ ಗೊತ್ತಿದ್ದ ವಿಜ್ಞಾನಿ ತನ್ನ ಹೆಸರಿನ ಭಾರ ತೀರ್ಪಿನ ಮೇಲೆ ಬೀಳಬಾರದು ಎಂದುಕೊಂಡರು. ನಮ್ಮ ಪತ್ರಿಕೆಗಳ ದೀಪಾವಳಿ, ಯುಗಾದಿ ಕಥಾ ಸ್ಪರ್ಧೆಗಳಲ್ಲೂ ಹೆಸರು, ವಿಳಾಸ ಬೇರೆ ಹಾಳೆಯಲ್ಲಿ ಬರೆಯಿರಿ ಅನ್ನುತ್ತಾರೆ. ಒಳ್ಳೆಯ ಪದ್ಧತಿ ನಮ್ಮಲ್ಲೂ ಇದೆ, ಮರೆಯಬಾರದು.

ಮೂರನೆಯದು ನಮಗೆ ತುಂಬ ಹಿಡಿಸಿದ ನಿಯಮ. ಗಟ್ಟಿ ಕುಳಗಳಿಗೆ ಇಲ್ಲಿ ಪ್ರವೇಶವಿಲ್ಲ. ಸಂಭಾವನೆ ಕೊಡುವ ಪತ್ರಿಕೆಗಳಲ್ಲಿ ಮೂರಕ್ಕಿಂತ ಹೆಚ್ಚು ಸಣ್ಣಕಥೆ ಬಂದಿದ್ದರೆ, ಒಂದೇ ಒಂದು ಕಾದಂಬರಿ ಬಂದಿದ್ದರೂ ಕಳಿಸುವಂತಿಲ್ಲ. 'ಉದಯೋನ್ಮುಖ' ಎಂಬ ಪದವನ್ನು ನಾವು ಸಿಕ್ಕಸಿಕ್ಕ ಕಡೆ ಬಳಸುತ್ತೇವೆ. ನಲವತ್ತು ಪುಸ್ತಕ ಬರೆದವರೂ ಕೆಲವು ವೇದಿಕೆಗಳಲ್ಲಿ ಉದಯೋನ್ಮುಖರೇ. ಇವರು ಆ ಪದಕ್ಕೆ ಅಳತೆ ಇಟ್ಟಿದ್ದಾರೆ. ಗೆದ್ದು ಮೇಲೆ ಹೋದವರು ಜಾಗ ಬಿಡಬೇಕು, ಹಿಂದಿನವರು ಬರಬೇಕು.

ನಾಲ್ಕನೆಯದು, ಹಕ್ಕು ಲೇಖಕರಲ್ಲೇ ಉಳಿಯುತ್ತದೆ. ಕಥೆ ಕಳಿಸಿದ ಮಾತ್ರಕ್ಕೆ ಅದು ಅವರದಾಗುವುದಿಲ್ಲ. ಗೆದ್ದ ಕಥೆ ವಾರ್ಷಿಕ ಸಂಕಲನದಲ್ಲಿ ಬಂದರೆ ಅದಕ್ಕೆ ಬಹುಮಾನವಲ್ಲದೆ ಬೇರೆಯೇ ಸಂಭಾವನೆ ಇದೆ. ಮೇಲೆ ಒಂದು ವಾರದ ಕಮ್ಮಟ, ಹೆಸರು ಮಾಡಿದ ಲೇಖಕರ ಜೊತೆ.

ಇಂಥ ಬಾಗಿಲಿನಿಂದ ಯಾರು ಒಳಗೆ ಬಂದರು ಎಂದು ಕೇಳಿದರೆ ಉತ್ತರ ಇದೆ. ಪ್ಯಾಟ್ರಿಕ್ ರಾಥ್‌ಫಸ್ ಎಂಬಾತ ವರ್ಷಗಟ್ಟಲೆ ಬರೆದ ದೊಡ್ಡ ಕಾದಂಬರಿಯನ್ನು ಪ್ರಕಾಶಕರು ಬೇಡ ಅಂದಿದ್ದರು. ಅದರ ಒಂದು ತುಂಡನ್ನೇ ಕಥೆ ಮಾಡಿ ಕಳಿಸಿ 2002ರಲ್ಲಿ ಗೆದ್ದ. 2007ರಲ್ಲಿ ಬಂದ ಅವನ ಮೊದಲ ಕಾದಂಬರಿ ಲೋಕಪ್ರಸಿದ್ಧವಾಯಿತು. ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕೆನ್ ಲಿಯು ಅವರ ಆರಂಭದ ಕಥೆಯೊಂದು 2003ರ ಸಂಕಲನದಲ್ಲಿದೆ. ಮುಂದೆ ಅವರ ಒಂದೇ ಸಣ್ಣಕಥೆಗೆ ಹ್ಯೂಗೊ, ನೆಬ್ಯುಲಾ, ವರ್ಲ್ಡ್ ಫ್ಯಾಂಟಸಿ ಮೂರೂ ಪ್ರಶಸ್ತಿ ಬಂದವು. ನೈಜೀರಿಯಾ ಮೂಲದ ನೆಡಿ ಒಕೊರಾಫೊರ್ ಇಲ್ಲಿ ಬಹುಮಾನ ಗೆದ್ದವರೇ ಅಲ್ಲ, ಅಂತಿಮ ಸುತ್ತಿಗೆ ಬಂದವರು. ಆದರೂ ಅವರ ಕಥೆಯನ್ನು 2002ರ ಸಂಕಲನಕ್ಕೆ ತೆಗೆದುಕೊಂಡರು. ಅವರಿಗೂ ಮುಂದೆ ಹ್ಯೂಗೊ ಬಂತು.

ನಮ್ಮ ಹುಡುಗನಿಗೆ ನಾವು ಹೇಳಿದ್ದು ಮಾತ್ರ ಶಾನ್ ಟಾನ್ ಕಥೆ. ಆಸ್ಟ್ರೇಲಿಯಾದ ಪರ್ತ್ ನಗರದವನು. ಹೈಸ್ಕೂಲಿನಲ್ಲಿದ್ದಾಗಲೇ ಸಣ್ಣ ಪತ್ರಿಕೆಗಳ ವಿಜ್ಞಾನ ಕಥೆಗಳಿಗೆ ಚಿತ್ರ ಬರೆಯುತ್ತಿದ್ದ. 1992ರಲ್ಲಿ, ಹದಿನೆಂಟರ ಆಸುಪಾಸಿನಲ್ಲಿ, ಈ ಚಿತ್ರ ಸ್ಪರ್ಧೆಯಲ್ಲಿ ಗೆದ್ದ. ಅಲ್ಲಿಂದ ಗೆದ್ದ ಮೊದಲ ಆಸ್ಟ್ರೇಲಿಯನ್ ಅವನೇ. 2011ರಲ್ಲಿ ಅವನದೇ ಪುಸ್ತಕದಿಂದ ಮಾಡಿದ ಅನಿಮೇಷನ್ ಕಿರುಚಿತ್ರಕ್ಕೆ ಆಸ್ಕರ್, ಅದೇ ವರ್ಷ ಮಕ್ಕಳ ಸಾಹಿತ್ಯದ ಆಸ್ಟ್ರಿಡ್ ಲಿಂಡ್‌ಗ್ರೆನ್ ಪ್ರಶಸ್ತಿ. ಎಲ್ಲರೂ ಶಾನ್ ಟಾನ್ ಆಗುವುದಿಲ್ಲ, ಗೊತ್ತು. ಆದರೆ ಹದಿನೆಂಟರ ಹುಡುಗ ದೂರದ ಊರಿನಿಂದ ಖರ್ಚಿಲ್ಲದೆ ಬಾಗಿಲು ತಟ್ಟಬಹುದಿತ್ತು, ಬಾಗಿಲು ತೆರೆಯಿತು. ಅಷ್ಟು ಸಾಕು.

ಇದರಲ್ಲಿ ಹುಳುಕೇ ಇಲ್ಲ ಅಂತಲ್ಲ. ಸ್ಪರ್ಧೆ ಶುರು ಮಾಡಿದವರು ಎಲ್. ರಾನ್ ಹಬಾರ್ಡ್. ಅವರು ವಿಜ್ಞಾನ ಕಥೆಗಾರರೂ ಹೌದು, ಸೈಂಟಾಲಜಿ ಎಂಬ ಪಂಥದ ಸ್ಥಾಪಕರೂ ಹೌದು. ಆ ಪಂಥದ ಬಗ್ಗೆ ಹಲವು ದೇಶಗಳಲ್ಲಿ ತಕರಾರುಗಳಿವೆ. ಸ್ಪರ್ಧೆಗೂ ಪಂಥಕ್ಕೂ ಸಂಬಂಧವಿಲ್ಲ ಎಂದು ನಡೆಸುವವರು ಹೇಳುತ್ತಾರೆ. ಸಂಕಲನ ತರುವ ಪ್ರಕಾಶನ ಮಾತ್ರ ಹಬಾರ್ಡ್ ಕಥೆ, ಕಾದಂಬರಿಗಳನ್ನೇ ಮಾರುವ ಸಂಸ್ಥೆ. ಈ ಕಾರಣಕ್ಕೆ ದೂರ ಉಳಿದ ಲೇಖಕರೂ ಇದ್ದಾರೆ. ಕಳಿಸಬೇಡಿ ಎಂದು ನಾವು ಹೇಳುವುದಿಲ್ಲ. ಗೊತ್ತಿದ್ದು ಕಳಿಸಿ ಎನ್ನುತ್ತೇವೆ. ಯಾವ ಸ್ಪರ್ಧೆಯೇ ಆಗಲಿ, ಹಿಂದೆ ಯಾರಿದ್ದಾರೆ ಎಂದು ಕೇಳುವುದು ತಪ್ಪಲ್ಲ.

ಇನ್ನೊಂದು ತೊಡಕು ಭಾಷೆಯದು. ಕಥೆ ಇಂಗ್ಲಿಷಿನಲ್ಲೇ ಇರಬೇಕು. ರಾಣೆಬೆನ್ನೂರಿನಲ್ಲೋ ಹಾನಗಲ್ಲಿನಲ್ಲೋ ಕೂತು ಕನ್ನಡದಲ್ಲಿ ಬರೆಯುವವರಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ. ಚಿತ್ರಕ್ಕೆ ಆ ಕಷ್ಟವಿಲ್ಲ. ಮೂರು ಚಿತ್ರ ಕಳಿಸಿದರೆ ಸಾಕು. ರೆಕ್ಕೆಯ ಎತ್ತಿಗೆ ಅನುವಾದ ಬೇಕಿಲ್ಲ.

ಕೆಲವರು ಕೇಳುತ್ತಾರೆ, ಸಣ್ಣ ಶುಲ್ಕ ಇಟ್ಟರೆ ತಪ್ಪೇನು, ಅಂಚೆ, ಅಚ್ಚು, ತೀರ್ಪುಗಾರರ ಗೌರವಧನಕ್ಕೆ ದುಡ್ಡು ಎಲ್ಲಿಂದ ಬರಬೇಕು ಎಂದು. ಮಾತು ಒಪ್ಪುವಂಥದ್ದೇ. ಶುಲ್ಕ ಇಟ್ಟವರೆಲ್ಲ ಕಳ್ಳರಲ್ಲ. ಆದರೆ ಲೆಕ್ಕ ಹಾಕಿ ನೋಡಬೇಕು. ಇನ್ನೂರು ಜನ ತಲಾ 800 ಕೊಟ್ಟರೆ 1,60,000 ರೂಪಾಯಿ ಆಯಿತು. ಬಹುಮಾನದ ಒಟ್ಟು ಮೊತ್ತ 10,000 ಆದರೆ ಉಳಿದದ್ದು ಯಾರ ಜೇಬಿಗೆ? ಸೋತವರ ದುಡ್ಡಿನಿಂದ ನಡೆಯುವ ಸ್ಪರ್ಧೆಗೆ ಸೋಲುವವರು ಹೆಚ್ಚಿದ್ದಷ್ಟೂ ಲಾಭ. ಅವರಿಗೆ ಒಳ್ಳೆಯ ಚಿತ್ರ ಬೇಕಾಗಿಲ್ಲ, ಹೆಚ್ಚು ಚಿತ್ರ ಬೇಕು. 'ಎಲ್ಲರೂ ಆಯ್ಕೆಯಾಗಿದ್ದೀರಿ' ಎಂಬ ಮೆಸೇಜಿನ ಗುಟ್ಟು ಇದೇ.

ಕನ್ನಡದಲ್ಲಿ ಇಂಥದ್ದೊಂದು ಸ್ಪರ್ಧೆ ಆಗಬೇಕು ಅನ್ನುವುದು ನಮ್ಮ ಆಸೆ. ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗೆ ಕನ್ನಡದಲ್ಲಿ ದಾರಿ ಮಾಡಿಕೊಟ್ಟು ಹೋಗಿದ್ದಾರೆ. ಅಜ್ಜಿ ಕಥೆಯ ಏಳು ಸಮುದ್ರ, ಯಕ್ಷಗಾನದ ರಾಕ್ಷಸ, ಎಲ್ಲವೂ ನಮ್ಮಲ್ಲಿವೆ. ಕಥೆಗಾರರಿಗೆ ಹಬ್ಬದ ವಿಶೇಷಾಂಕಗಳಾದರೂ ಇವೆ, ಕಥೆಗೆ ಚಿತ್ರ ಬರೆಯುವ ಹೊಸಬರಿಗೆ ಏನಿದೆ? ಚಂದಮಾಮದಲ್ಲಿ ಹೆಗಲ ಮೇಲೆ ಬೇತಾಳನನ್ನು ಹೊತ್ತ ವಿಕ್ರಮನ ಚಿತ್ರ ನೋಡದೆ ಬೆಳೆದವರು ನಮ್ಮ ಹಿರಿಯರಲ್ಲಿ ಕಡಿಮೆ. ಅದನ್ನು ಬರೆದ ಕೆ.ಸಿ. ಶಿವಶಂಕರನ್ ಹೆಸರು ಎಷ್ಟು ಜನಕ್ಕೆ ಗೊತ್ತು? ಅಮೆರಿಕದ ಸ್ಪರ್ಧೆಯಲ್ಲಿ ಗೆದ್ದ ಚಿತ್ರಕಾರನ ಕೈಗೆ ಗೆದ್ದವರ ಕಥೆಯೊಂದನ್ನು ಕೊಟ್ಟು ಚಿತ್ರ ಬರೆಸುತ್ತಾರೆ. ವರ್ಷದ ದೊಡ್ಡ ಬಹುಮಾನಕ್ಕೆ ನೋಡುವುದು ಆ ಚಿತ್ರವನ್ನೇ. ಇಬ್ಬರು ಹೊಸಬರು ಹಾಗೆ ಜೋಡಿಯಾಗುತ್ತಾರೆ. ಇದಕ್ಕೆ ಡಾಲರ್ ಬೇಕಿಲ್ಲ. ಒಂದು ಕಾಲೇಜಿನ ಕನ್ನಡ ವಿಭಾಗ, ಒಂದು ಚಿತ್ರಕಲಾ ಶಾಲೆ ಕೈಜೋಡಿಸಿದರೆ ವರ್ಷಕ್ಕೆ ಮೂರು ಕಥೆ, ಮೂರು ಚಿತ್ರದ ಪುಟ್ಟ ಪುಸ್ತಕ ತರಬಹುದು. ಬಹುಮಾನ 5,000 ರೂಪಾಯಿಯೇ ಇರಲಿ, ಹೇಳಿದ ದಿನ ಕೈಗೆ ಸಿಗಬೇಕು.

ಅದು ಆಗುವವರೆಗೆ ನಮ್ಮ ಕೈಯಲ್ಲಿ ಇರುವುದು ಸುದ್ದಿ. ನಾವು ಜಿಲ್ಲೆಯ ಗೆಳೆಯರು ಸೇರಿ ಒಂದು ತೀರ್ಮಾನ ಮಾಡಿಕೊಂಡಿದ್ದೇವೆ. ಸ್ಪರ್ಧೆಯ ಪ್ರಕಟಣೆ ಬಂದರೆ ಐದು ಪ್ರಶ್ನೆ ಕೇಳುತ್ತೇವೆ: ಶುಲ್ಕ ಎಷ್ಟು, ಬಹುಮಾನ ಎಷ್ಟು, ತೀರ್ಪುಗಾರರು ಯಾರು, ಹಕ್ಕು ಯಾರಲ್ಲಿ ಉಳಿಯುತ್ತದೆ, ಹೋದ ವರ್ಷ ಗೆದ್ದವರು ಯಾರು. ಉತ್ತರ ಬಾರದಿದ್ದರೆ ಡೆಸ್ಕಿಗೆ ಕಳಿಸುವುದಿಲ್ಲ. ಜಾಗ ಸಾಲದಿದ್ದರೆ ಉದ್ಘಾಟಕರ ಹೆಸರು ಕತ್ತರಿಸುತ್ತೇವೆ, ಶುಲ್ಕದ ಸಾಲನ್ನಲ್ಲ. ಬೇರೆ ಜಿಲ್ಲೆಯ ಗೆಳೆಯರೂ ಹೀಗೇ ಮಾಡಿ ಎಂದು ಕೇಳಿಕೊಳ್ಳುತ್ತೇವೆ.

ಆ ಹುಡುಗನಿಗೆ ಎರಡು ದಿನ ಬಿಟ್ಟು ಅಮೆರಿಕದ ಸ್ಪರ್ಧೆಯ ನಿಯಮಗಳನ್ನು ಕನ್ನಡದಲ್ಲಿ ಓದಿ ಹೇಳಿದೆವು, ಹಬಾರ್ಡ್ ವಿಷಯವನ್ನೂ ಸೇರಿಸಿ. ಗಡುವು ಡಿಸೆಂಬರ್, ಮಾರ್ಚ್, ಜೂನ್, ಸೆಪ್ಟೆಂಬರ್ ತಿಂಗಳ ಕೊನೆಯ ದಿನ. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅನುಮಾನದಿಂದ ಕೇಳಿದ: "ರೊಕ್ಕ ಏನೂ ಕಟ್ಟೂದ ಇಲ್ಲ ಅಂದ್ರ, ಇದು ಖರೇನ ಸ್ಪರ್ಧೆ ಹೌದೇನ್ರೀ ಅಣ್ಣಾರ?"

ದುಡ್ಡು ಕೇಳದವರ ಮೇಲೆ ಅನುಮಾನ ಬರುವ ಹಾಗೆ ನಾವು ಅವನನ್ನು ಮಾಡಿಟ್ಟಿದ್ದೇವೆ. ಹೌದು, ಖರೇ ಸ್ಪರ್ಧೆ ಎಂದೆವು. ಈಗ ಮೂರು ಚಿತ್ರಗಳಲ್ಲಿ ಎರಡು ಮುಗಿಸಿದ್ದಾನೆ.